ಮಣ್ಣು ಜಾರಿದ ಊರು: ಇಟಲಿಯ ಚಿವಿತಾ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಸಂಘದ ಚರಿತ್ರೆಯನ್ನು ಮಾಜಿ ಅಧ್ಯಕ್ಷರು ಬರೆಯುತ್ತಿದ್ದಾರೆ. ಊರ ದೇವಸ್ಥಾನದ ಚರಿತ್ರೆಯನ್ನು ಮೇಷ್ಟ್ರು ಆಗಲೇ ಬರೆದು ಕೊಟ್ಟಾಗಿದೆ. ನಮಗೆ ಉಳಿದದ್ದು ಪರದೇಶ ಮಾತ್ರ! ತಮಾಷೆ ಹಾಗಿರಲಿ, ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದವರು, ಪರದೇಶ ಕಂಡವರಲ್ಲ. ಆದರೆ ಒಂದೆರಡು ವರ್ಷದಿಂದ ಇಟಲಿ ದೇಶದ ಒಂದು ಸಣ್ಣ ಬೆಟ್ಟದೂರಿನ ವಿಚಾರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಕಾಲೇಜಿಗೆ ಹೋಗುವ ಮಗ ಅದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ್ದೇ ನೆಪವಾಯಿತು. ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಓದಿಸಿ, ಕೇಳಿ, ಬರೆದಿಟ್ಟುಕೊಂಡೆವು. ಅದನ್ನೇ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಆ ಊರಿನ ಹೆಸರು ಚಿವಿತಾ ದಿ ಬಾನ್ಯೊರೇಜೊ. ಬಾನ್ಯೊರೇಜೊ ಎಂಬುದು ಪಕ್ಕದ ದೊಡ್ಡ ಊರು, ಚಿವಿತಾ ಅದಕ್ಕೆ ಸೇರಿದ ಹಳೆಯ ಊರು. ಹೆಸರು ಉದ್ದವಾಯಿತೆಂದು ನಾವು ಮುಂದೆ ಚಿವಿತಾ ಎಂದಷ್ಟೇ ಕರೆಯುತ್ತೇವೆ.

ಚಿತ್ರದಲ್ಲಿ ಮೊದಲು ಕಾಣುವುದು ಒಂದು ದೊಡ್ಡ ಕಣಿವೆ. ಕಣಿವೆಯ ನಟ್ಟನಡುವೆ ಒಂಟಿ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಕೋಟೆಯ ಹಾಗೆ ಒತ್ತೊತ್ತಾಗಿ ನಿಂತ ಕಲ್ಲಿನ ಮನೆಗಳು, ಅವುಗಳ ಮಧ್ಯೆ ಇಗರ್ಜಿಯ ಗಂಟೆಗೋಪುರ. ಸುತ್ತಲೂ ಕಡಿದಾದ ಪ್ರಪಾತ. ಆ ಗುಡ್ಡಕ್ಕೂ ಹೊರಗಿನ ಲೋಕಕ್ಕೂ ಇರುವ ಸಂಬಂಧ ಒಂದೇ, ಸುಮಾರು 300 ಮೀಟರ್ ಉದ್ದದ ಒಂದು ಕಾಲುಸೇತುವೆ. ಬಸ್ಸು ಕಾರು ಯಾವುದೂ ಅದರ ಮೇಲೆ ಹೋಗುವ ಹಾಗಿಲ್ಲ.

ಇಟಲಿಯ ರಾಜಧಾನಿ ರೋಮ್ ನಗರದಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಈ ಊರು ಸಿಗುತ್ತದೆ. ಲಾತ್ಸಿಯೊ ಪ್ರಾಂತ್ಯ, ವಿತೆರ್ಬೊ ಜಿಲ್ಲೆ. ಸಮುದ್ರಮಟ್ಟದಿಂದ 443 ಮೀಟರ್ ಎತ್ತರ. ಪೂರ್ವಕ್ಕೆ ಟೈಬರ್ ನದಿಯ ಬಯಲು, ಪಶ್ಚಿಮಕ್ಕೆ ಬೊಲ್ಸೆನಾ ಸರೋವರ. ಈ ಸರೋವರವೇ ಈ ಊರಿನ ಭೂಗೋಳದ ಮೂಲ ಎನ್ನಬಹುದು, ಯಾಕೆಂದರೆ ಅದು ಹಳೇ ಜ್ವಾಲಾಮುಖಿಗಳ ಜಾಗದಲ್ಲಿ ನೆಲ ಕುಸಿದು ನೀರು ತುಂಬಿ ಆದ ಕೆರೆ.

ಇಲ್ಲಿ ಮಣ್ಣಿನ ವಿಚಾರ ಸ್ವಲ್ಪ ಹೇಳಬೇಕು. ಓದುಗರು ಬೇಸರ ಮಾಡಿಕೊಳ್ಳಬಾರದು, ರೈತರಿಗೆ ಮಣ್ಣಿನ ಮಾತು ಬೇಸರವಾಗಲಾರದು ಎಂದು ನಂಬಿದ್ದೇವೆ. ಬಹಳ ಬಹಳ ಹಿಂದೆ ಆ ಪ್ರದೇಶವೆಲ್ಲ ಸಮುದ್ರದ ತಳವಾಗಿತ್ತು. ಸಮುದ್ರದ ತಳದಲ್ಲಿ ಕೂತ ನುಣುಪು ಜೇಡಿಮಣ್ಣು ಮೇಲೆದ್ದು ನೆಲವಾಯಿತು. ಇವತ್ತಿಗೂ ಆ ಜೇಡಿಯಲ್ಲಿ ಕಪ್ಪೆಚಿಪ್ಪು ಸಿಗುತ್ತವೆ. ಅದಾದ ಮೇಲೆ, ಲಕ್ಷಾಂತರ ವರ್ಷಗಳ ಹಿಂದೆ, ಬೊಲ್ಸೆನಾ ಕಡೆಯ ಜ್ವಾಲಾಮುಖಿಗಳು ಮತ್ತೆ ಮತ್ತೆ ಸಿಡಿದವು. ಉಗುಳಿದ ಬೂದಿ ಪದರ ಪದರವಾಗಿ ಜೇಡಿಯ ಮೇಲೆ ಬಿದ್ದು, ಕಾಲಾಂತರದಲ್ಲಿ ಗಟ್ಟಿಯಾಗಿ ಒಂದು ಜಾತಿಯ ಕಲ್ಲಾಯಿತು. ಇದಕ್ಕೆ ಅಲ್ಲಿಯವರು ತೂಫೊ ಅಂತಾರೆ. ಹಗುರವಾದ, ಉಳಿಗೆ ಸುಲಭವಾಗಿ ಬಗ್ಗುವ ಕಲ್ಲು. ಮನೆ ಕಟ್ಟುವುದಕ್ಕೂ ಚೆನ್ನ, ಕೊರೆದು ನೆಲಮಾಳಿಗೆ ಮಾಡುವುದಕ್ಕೂ ಚೆನ್ನ.

ಅಂದರೆ ಮೇಲೆ ಕಲ್ಲು, ಕೆಳಗೆ ಜೇಡಿ. ಗಟ್ಟಿ ಛಾವಣಿ, ಮೆತ್ತನೆ ಗೋಡೆ. ನಮ್ಮಲ್ಲಿ ಯಾರಾದರೂ ಹಸಿಗೋಡೆಯ ಮೇಲೆ ಚಪ್ಪಡಿ ಹೊದಿಸಿದರೆ ಮೇಸ್ತ್ರಿಗೆ ಬೈಯುತ್ತೇವೆ. ಪ್ರಕೃತಿಗೆ ಬೈಯುವವರು ಯಾರು?

ಚಿವಿತಾದ ಗುಡ್ಡದ ಎರಡು ಪಕ್ಕದಲ್ಲೂ ಎರಡು ಹಳ್ಳ ಹರಿಯುತ್ತವೆ. ಒಂದರ ಹೆಸರು ರಿಯೊ ಕ್ಯಾರೊ, ಅಂದರೆ ತಿಳಿನೀರಿನ ಹಳ್ಳ. ಇನ್ನೊಂದು ರಿಯೊ ತೊರ್ಬಿದೊ, ಅಂದರೆ ಕದಡಿದ ಹಳ್ಳ. ಹೆಸರಿಟ್ಟವರು ಯಾರೋ, ಕಣ್ಣಾರೆ ನೋಡಿಯೇ ಇಟ್ಟಿದ್ದಾರೆ. ಈ ಹಳ್ಳಗಳು ಗುಡ್ಡದ ಬುಡದ ಜೇಡಿಯನ್ನು ವರ್ಷ ವರ್ಷ ಕೊರೆಯುತ್ತವೆ. ಬೇಸಿಗೆಯಲ್ಲಿ ಜೇಡಿ ಎರೆಹೊಲದ ಹಾಗೆ ಬಿರುಕು ಬಿಡುತ್ತದೆ. ಮಳೆ ಬಂದಾಗ ಬಿರುಕಿಗೆ ನೀರಿಳಿದು ಮಣ್ಣು ಬೆಣ್ಣೆಯಂತಾಗಿ ಜಾರುತ್ತದೆ. ಬುಡ ಜಾರಿದ ಮೇಲೆ ನೆತ್ತಿಯ ಕಲ್ಲಿಗೆ ಆಧಾರ ಎಲ್ಲಿ? ಕಲ್ಲಿನಲ್ಲೂ ಮೇಲಿಂದ ಕೆಳಕ್ಕೆ ಸೀಳು ಬಿಡುತ್ತದೆ, ಒಂದು ದಿನ ಅಂಚಿನ ಹೋಳು ಹೋಳೇ ಕಳಚಿ ಪ್ರಪಾತಕ್ಕೆ ಬೀಳುತ್ತದೆ. ಅದರ ಮೇಲೆ ಮನೆ ಇದ್ದರೆ ಮನೆ, ತೋಟ ಇದ್ದರೆ ತೋಟ, ಬೀದಿ ಇದ್ದರೆ ಬೀದಿ, ಎಲ್ಲಾ ಕೆಳಕ್ಕೆ. ಸುತ್ತಲ ಕಣಿವೆ ಪೂರ್ತಿ ಹೀಗೆ ಮಳೆಯೇ ಕೊರೆದ ಬೋಳು ದಿಣ್ಣೆ, ಚೂಪು ಏಣು, ಆಳ ಕೊರಕಲುಗಳಿಂದ ತುಂಬಿದೆ. ಇಂಥ ಕೊರಕಲುಭೂಮಿಗೆ ಇಟಲಿಯ ಭಾಷೆಯಲ್ಲಿ ಕಲಾಂಕಿ ಎಂದು ಹೆಸರು. ಕಾಡು ಕಡಿದು ಸಾಗುವಳಿ ಮಾಡಿದ್ದರಿಂದ ಸವಕಳಿ ಇನ್ನೂ ಜಾಸ್ತಿಯಾಯಿತು ಎನ್ನುತ್ತಾರೆ ತಿಳಿದವರು.

ನಮ್ಮದೇ ಹಳ್ಳದ ಪಕ್ಕದ ಹೊಲದಲ್ಲಿ, ನಮ್ಮ ತಂದೆಯವರ ಕಾಲಕ್ಕೆ ಇದ್ದ ಒಂದು ಹುಣಸೇಮರ ಈಗ ಇಲ್ಲ, ಮರ ನಿಂತಿದ್ದ ನೆಲವೂ ಇಲ್ಲ. ಹಳ್ಳವೇ ತಿಂದಿತು. ಅಷ್ಟಕ್ಕೇ ನಮಗೆ ಎಷ್ಟು ಸಂಕಟ. ಇನ್ನು ಊರಿಗೆ ಊರೇ ಹೀಗೆ ಹೋಗುವುದನ್ನು ಅಲ್ಲಿನ ಜನ ತಲೆಮಾರಿನಿಂದ ತಲೆಮಾರಿಗೆ ನೋಡುತ್ತ ಬಂದಿದ್ದಾರೆ.

ಹಾಗಾದರೆ ಇಂಥ ಜಾಗದಲ್ಲಿ ಊರು ಕಟ್ಟಿದವರಿಗೆ ಬುದ್ಧಿ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಎಟ್ರುಸ್ಕನ್ ಎಂಬ ಜನ ಇಲ್ಲಿ ನೆಲೆಸಿದರು. ರೋಮನ್ನರಿಗಿಂತ ಮುಂಚೆ ಆ ಸೀಮೆಯನ್ನು ಆಳಿದವರು ಅವರೇ. ಶತ್ರು ಹತ್ತಿ ಬರಲಾಗದ ಗುಡ್ಡ, ಕೊರೆಯಲು ಮೆದು ಕಲ್ಲು, ಕೆಳಗೆ ನೀರು, ಸಮುದ್ರದ ಕಡೆಯಿಂದ ಟೈಬರ್ ಬಯಲಿಗೆ ಹೋಗುವ ವ್ಯಾಪಾರದ ದಾರಿ. ಆ ಕಾಲಕ್ಕೆ ಗುಡ್ಡವೂ ಇಷ್ಟು ಒಂಟಿಯಾಗಿರಲಿಲ್ಲ. ಪಕ್ಕದ ದಿಣ್ಣೆಗೂ ಇದಕ್ಕೂ ನೆಲದ ಸಂಪರ್ಕವಿತ್ತು, ರಸ್ತೆಯೇ ಇತ್ತು. ಎಟ್ರುಸ್ಕನ್ನರು ಕಲ್ಲಿನಲ್ಲಿ ಕೊರೆದ ಗೋರಿಗಳು, ಗುಹೆಗಳು, ಕಣಿವೆಗೆ ಇಳಿಯುವ ಒಂದು ಸುರಂಗ ಇಂದಿಗೂ ಇವೆ. ಮುಂದಿನ ಕಾಲದವರು ಅದೇ ಗೋರಿಗಳಲ್ಲಿ ಪಾರಿವಾಳ ಸಾಕಿದರು, ದ್ರಾಕ್ಷಾರಸದ ಪೀಪಾಯಿ ಇಟ್ಟರು. ಬೇಸಿಗೆಯಲ್ಲೂ ಒಳಗೆ ತಂಪು. ರೈತ ಎಲ್ಲಾ ಕಡೆಯೂ ರೈತನೇ, ಜಾಗವನ್ನು ಸುಮ್ಮನೆ ಬಿಡುವವನಲ್ಲ.

ಎಟ್ರುಸ್ಕನ್ನರ ಮೇಲೆ ರೋಮನ್ನರು ಬಂದರು. ರೋಮ್ ಬಿದ್ದ ಮೇಲೆ ಗೋಥರು, ಲೊಂಬಾರ್ಡರು ಬಂದು ಹೋದರು. ಲೊಂಬಾರ್ಡ್ ರಾಜನೊಬ್ಬ ಇಲ್ಲಿಯ ಬಿಸಿನೀರಿನಲ್ಲಿ ಸ್ನಾನ ಮಾಡಿ ರೋಗ ವಾಸಿ ಮಾಡಿಕೊಂಡನಂತೆ, ಅದಕ್ಕೇ ರಾಜನ ಸ್ನಾನ ಎಂಬ ಅರ್ಥದ ಬಾನ್ಯೊರೇಜೊ ಹೆಸರು ಬಂತೆಂದು ಐತಿಹ್ಯ. ಮುಂದೆ ಈ ಸೀಮೆ ಪೋಪರ ರಾಜ್ಯಕ್ಕೆ ಸೇರಿ, 1870ರಲ್ಲಿ ಇಟಲಿ ರಾಜ್ಯಕ್ಕೆ ಸೇರಿತು. ರಾಜರು ಬದಲಾದ ಪಟ್ಟಿ ಇಷ್ಟು ಸಾಕು.

ಊರಿನ ಹಿರಿಮೆ ಇದ್ದದ್ದು ಮಧ್ಯಯುಗದಲ್ಲಿ. ಬಿಷಪ್ಪರ ಪೀಠ ಇಲ್ಲಿತ್ತು, ಚೌಕದಲ್ಲಿರುವ ಸಂತ ದೊನಾತೊ ಇಗರ್ಜಿಯೇ ಆಗ ಮುಖ್ಯ ದೇವಾಲಯ. ಊರ ಆಡಳಿತವನ್ನು ಊರವರೇ ನಡೆಸುವ ಪದ್ಧತಿಯೂ ಬಂತು. ಓರ್ವಿಯೇತೊ ಎಂಬ ಹತ್ತಿರದ ಪಟ್ಟಣದ ಮೊನಾಲ್ದೆಸ್ಕಿ ಮನೆತನದ ಪಾಳೆಯಗಾರರು ಈ ಸೀಮೆಯವರನ್ನು ಬಹಳ ಹಿಂಸೆ ಮಾಡುತ್ತಿದ್ದರು. 1457ರಲ್ಲಿ ಜನ ತಿರುಗಿ ಬಿದ್ದು ಅವರನ್ನು ಸೋಲಿಸಿದರು. ಆ ನೆನಪಿಗೆಂದು ಊರ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ ಇವೆ, ಒಂದೊಂದರ ಪಂಜದ ಕೆಳಗೂ ಒಂದೊಂದು ಮನುಷ್ಯನ ತಲೆ! ಮಳೆಗಾಳಿಗೆ ಸವೆದರೂ ಗುರುತು ಸಿಗುತ್ತದೆ.

ಊರಿನ ಅತಿ ದೊಡ್ಡ ಮಗ ಸಂತ ಬೊನಾವೆಂತೂರಾ. ಮೊದಲ ಹೆಸರು ಜೊವಾನಿ, 13ನೇ ಶತಮಾನದ ಆರಂಭದಲ್ಲಿ ಹುಟ್ಟಿದವರು, ತಂದೆ ವೈದ್ಯರು. ಮಗುವಾಗಿದ್ದಾಗ ಕಾಯಿಲೆ ಬಿದ್ದು, ಸಂತ ಫ್ರಾನ್ಸಿಸ್ಸರ ಆಶೀರ್ವಾದದಿಂದ ಬದುಕಿದರು, ಆಗ ಒಳ್ಳೆಯ ಭಾಗ್ಯ ಎಂದು ಉದ್ಗರಿಸಿದ್ದೇ ಹೆಸರಾಯಿತು ಎಂದು ಭಕ್ತರ ನಂಬಿಕೆ. ಪ್ಯಾರಿಸ್ಸಿನಲ್ಲಿ ಓದಿ, 1257ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮುಖ್ಯಸ್ಥರಾಗಿ, 1274ರಲ್ಲಿ ತೀರಿಕೊಂಡರು. ಡಾಂಟೆ ಮಹಾಕವಿ ತನ್ನ ಕಾವ್ಯದ ಸ್ವರ್ಗಲೋಕದಲ್ಲಿ ಇವರಿಗೆ ಜಾಗ ಕೊಟ್ಟಿದ್ದಾನೆ. ಸ್ವರ್ಗದಲ್ಲಿ ಜಾಗ ಸಿಕ್ಕಿತು, ಊರಲ್ಲಿ ಸಿಗಲಿಲ್ಲ. ಅವರು ಹುಟ್ಟಿದ ಮನೆ ಎಂದೋ ಅಂಚು ಕಳಚಿ ಕಣಿವೆಗೆ ಬಿದ್ದುಹೋಗಿದೆ. ಈಗ ತೋರಿಸುವುದು ಅದು ಇದ್ದ ಜಾಗದ ತುದಿಯನ್ನು ಮಾತ್ರ.

ಇನ್ನು ಮುಖ್ಯ ವಿಚಾರ. 1695ನೇ ಇಸವಿ ಜೂನ್ ತಿಂಗಳಲ್ಲಿ ದೊಡ್ಡ ಭೂಕಂಪವಾಯಿತು. ಮನೆಗಳು ಉರುಳಿದವು, ಹೊರಗೆ ಹೋಗುವ ದಾರಿ ಹದಗೆಟ್ಟಿತು. ಬಹಳ ಕುಟುಂಬಗಳು ಗಂಟುಮೂಟೆ ಕಟ್ಟಿ ಪಕ್ಕದ ದಿಣ್ಣೆಗೆ, ಅಂದರೆ ಈಗಿನ ಬಾನ್ಯೊರೇಜೊಗೆ ಹೋದವು. ಆದರೆ ಭೂಕಂಪ ಹಿಂದೆಯೂ ಆಗಿತ್ತು, ಮಣ್ಣು ಹಿಂದೆಯೂ ಜಾರುತ್ತಿತ್ತು. ಜನ ಹೆದರಿ ಹೋಗಿ ಮತ್ತೆ ಬಂದು ಗೋಡೆ ಎತ್ತುತ್ತಿದ್ದರು. ಈ ಸಲ ಅದು ಆಗಲಿಲ್ಲ. ಕಾರಣ ನಮಗೆ ಕಂಡದ್ದು ಇಷ್ಟು. ಈ ಸಲ ಜನರ ಜೊತೆಗೆ ಕಚೇರಿಯೂ ಹೋಯಿತು. ಊರ ಆಡಳಿತ ಆ ಕಡೆಗೆ ಹೋಯಿತು. ಬಿಷಪ್ಪರು ಹೋದರು. 1699ರಲ್ಲಿ ಮುಖ್ಯ ಇಗರ್ಜಿಯ ಪಟ್ಟವೂ ಬಾನ್ಯೊರೇಜೊಗೆ ಹೋಯಿತು. ಕಚೇರಿ ಹೋದ ಮೇಲೆ ಕಾಗದ ಬರೆಯುವವನು ಹೋದ, ಪತ್ರ ಮಾಡಿಸಲು ಬರುವವನು ಹೋದ, ಬಂದವನಿಗೆ ಊಟ ಹಾಕುವವನು ಹೋದ. ಸಂತೆ ಜನದ ಹಿಂದೆ ಹೋಯಿತು. ಉಳಿದವರು ಅಲ್ಲಿಂದ ಬಿಟ್ಟು ಬರಲಾರದ ಸಣ್ಣ ರೈತರು, ಕುರಿ ಕತ್ತೆ ಕಟ್ಟಿಕೊಂಡವರು.

ಇದನ್ನು ಓದಿದ ದಿನ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ, ಕಾರಣ ಹೇಳಿಬಿಡುತ್ತೇವೆ. ಕೆಲವು ವರ್ಷದ ಕೆಳಗೆ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಸಂಘದ ಕಚೇರಿಯನ್ನೂ ಗೊಬ್ಬರದ ಗೋದಾಮನ್ನೂ ಮೇನ್ ರೋಡಿನ ಕೈಮರಕ್ಕೆ ಸಾಗಿಸಬೇಕೆಂಬ ಸಲಹೆ ಬಂದದ್ದು ಹಿರಿಯರಿಗೆ ನೆನಪಿರಬಹುದು. ಲಾರಿ ಬರಲು ಅನುಕೂಲ, ಊರೊಳಗಿನ ದಾರಿ ಇಕ್ಕಟ್ಟು ಎಂಬುದು ವಾದ. ಆವತ್ತು ಪರವಾಗಿ ಕೈ ಎತ್ತಿದವರಲ್ಲಿ ನಾವೂ ಒಬ್ಬರು. ಒಬ್ಬ ಅಜ್ಜಿ ಮಾತ್ರ ಎದ್ದು ನಿಂತು, "ಪಡಿ ತರಾಕೆ ನಾನು ಅಲ್ಲಿಗಂಟ ನಡೀಬೇಕೇನ್ರಪ್ಪಾ?" ಅಂತ ಕೇಳಿದ್ದಕ್ಕೆ ಎಲ್ಲರೂ ನಕ್ಕರು, ನಾವೂ ನಕ್ಕೆವು. ವಿಷಯ ಮುಂದಿನ ಸಭೆಗೆ ಹೋಗಿ ಅಲ್ಲೇ ನಿಂತಿದೆ. ಮತ್ತೆ ಬಂದರೆ ನಾವು ಕೈ ಎತ್ತುವುದಿಲ್ಲ. ಲಾರಿಯ ಕಷ್ಟ ಸುಳ್ಳಲ್ಲ, ಅದಕ್ಕೆ ಬೇರೆ ಉಪಾಯ ಹುಡುಕೋಣ. ಇಲ್ಲಿಗೆ ಈ ಮಾತು ಸಾಕು, ಚಿವಿತಾಕ್ಕೆ ವಾಪಸ್ಸು ಹೋಗೋಣ.

ಉಳಿದ ಜನ ಹೇಗೆ ಬದುಕಿದರು ಅಂದರೆ, ಕೆಳಗಿನ ಕಣಿವೆಯಲ್ಲಿ ಆಲಿವ್ ಮರ, ದ್ರಾಕ್ಷಿ, ಚೆಸ್ಟ್‌ನಟ್ ಎಂಬ ಕಾಯಿಮರ, ಕುರಿ. ಬೆಳಗ್ಗೆ ಕತ್ತೆ ಹೊಡೆದುಕೊಂಡು ಇಳಿಯುವುದು, ಸಂಜೆ ಹೊರೆ ಹೊತ್ತು ಹತ್ತುವುದು. ಆಲಿವ್ ಕಾಯಿಯನ್ನು ಊರೊಳಗೆ ಕಲ್ಲಿನ ಗಾಣದಲ್ಲಿ ಅರೆದು ಎಣ್ಣೆ ತೆಗೆಯುತ್ತಿದ್ದರು. ನಮ್ಮಲ್ಲಿ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು, ಅಲ್ಲಿ ಕತ್ತೆ. ಮಧ್ಯ ಇಟಲಿಯ ಬೆಟ್ಟಗಳಲ್ಲಿ ಬಹುಕಾಲ ಬೆಳೆದದ್ದರಲ್ಲಿ ಅರ್ಧ ಭೂಮಾಲೀಕನಿಗೆ, ಅರ್ಧ ಗೇಯುವವನಿಗೆ ಎಂಬ ವಾರದ ಪದ್ಧತಿ ನಡೆದುಬಂದಿತ್ತು. ಹೊಸದಾಗಿ ಅಂಥ ಕರಾರು ಮಾಡಬಾರದೆಂದು 1964ರಲ್ಲಿ ಇಟಲಿ ಸರ್ಕಾರ ಕಾನೂನು ತಂದಿತು. ಅಷ್ಟರಲ್ಲಿ ಹುಡುಗರು ಕಾರ್ಖಾನೆ ಹುಡುಕಿಕೊಂಡು ಪಟ್ಟಣ ಸೇರುತ್ತಿದ್ದರು. ಬೆಟ್ಟದೂರುಗಳು ಇಟಲಿಯ ಉದ್ದಗಲಕ್ಕೂ ಹೀಗೇ ಬರಿದಾದವು.

ಒಂದು ಮಾತು ಇಲ್ಲೇ ಹೇಳಿಬಿಡೋಣ. ನಮ್ಮ ಊರಿಗೆ ಗೊಬ್ಬರ, ಹಿಂಡಿ ಹೊತ್ತು ತರುವ ಮೂರು ಚಕ್ರದ ಆಪೆ ಗಾಡಿ ಇದೆಯಲ್ಲ, ಅದರ ತೌರು ಇಟಲಿಯೇ. ಯುದ್ಧ ಮುಗಿದ ಮೇಲೆ 1948ರಲ್ಲಿ ಪಿಯಾಜಿಯೊ ಕಂಪನಿ ಅದನ್ನು ಮಾಡಿತು. ಆಪೆ ಅಂದರೆ ಅವರ ಭಾಷೆಯಲ್ಲಿ ಜೇನುಹುಳ. ಬೆಟ್ಟದೂರಿನ ಇಕ್ಕಟ್ಟು ಬೀದಿಗಳಿಗೆ ಹೇಳಿ ಮಾಡಿಸಿದಂಥ ಗಾಡಿ.

ಚಿವಿತಾಕ್ಕೂ ಬಾನ್ಯೊರೇಜೊಗೂ ನಡುವೆ ಇದ್ದ ನೆಲದ ದಿಬ್ಬ ವರ್ಷ ವರ್ಷಕ್ಕೂ ಕರಗಿ ಕಣಿವೆಯೇ ಆಯಿತು. ಅದರ ಮೇಲಿನ ದಾರಿ ಕುಸಿದಾಗಲೆಲ್ಲ ಸರಿಮಾಡುತ್ತಿದ್ದರು. ಆಮೇಲೆ ಕಟ್ಟಿದ ಸೇತುವೆಯನ್ನು ಎರಡನೇ ಮಹಾಯುದ್ಧದಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಸಿಡಿಸಿ ಹೋಯಿತು. ಈಗಿರುವ ಕಾಂಕ್ರೀಟು ಕಾಲುಸೇತುವೆ 1965ರದ್ದು. ಕೊನೆಯಲ್ಲಿ ಅದು ಎಷ್ಟು ಕಡಿದಾಗಿ ಏರುತ್ತದೆಂದರೆ, ಹತ್ತುವವರು ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

ಬಾನ್ಯೊರೇಜೊದಲ್ಲೇ 1896ರಲ್ಲಿ ಹುಟ್ಟಿದ ಬೊನಾವೆಂತೂರಾ ತೆಕ್ಕಿ ಎಂಬ ಕಾದಂಬರಿಕಾರರು ಚಿವಿತಾವನ್ನು ಸಾಯುತ್ತಿರುವ ಊರು ಎಂದು ಕರೆದರು. ಅವರು 1968ರಲ್ಲಿ ತೀರಿಕೊಂಡರು, ಆ ಹೆಸರು ಮಾತ್ರ ಊರಿಗೆ ಅಂಟಿಕೊಂಡು ಉಳಿದಿದೆ. 2006ರಲ್ಲಿ ಜಗತ್ತಿನ ಸ್ಮಾರಕಗಳ ರಕ್ಷಣೆಗೆ ದುಡಿಯುವ ಒಂದು ಸಂಸ್ಥೆ, ಅಪಾಯದಲ್ಲಿರುವ ನೂರು ಸ್ಥಳಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಈಗ ಉಳಿದಿರುವ ಊರಿನ ಅಳತೆ ಸುಮಾರು 152 ಮೀಟರ್ ಉದ್ದ, 91 ಮೀಟರ್ ಅಗಲ. ನಾವು ಲೆಕ್ಕ ಹಾಕಿ ನೋಡಿದೆವು, ಮೂರೂವರೆ ಎಕರೆ ಕೂಡ ಪೂರ್ತಿ ಆಗುವುದಿಲ್ಲ. ಬಿಷಪ್ಪರು ಕೂತಿದ್ದ ಊರು, ಸಂತ ಹುಟ್ಟಿದ ಊರು, ಒಬ್ಬ ಸಣ್ಣ ಹಿಡುವಳಿದಾರನ ಪಹಣಿಯಷ್ಟಾಗಿದೆ! ಚೌಕದ ಹತ್ತಿರ ಒಂದು ದೊಡ್ಡ ಮನೆತನದ ಮನೆಯ ಮುಂಗೋಡೆ ನಿಂತಿದೆ, ಬಾಗಿಲಿದೆ, ಕಿಟಕಿಗಳಿವೆ. ಕಿಟಕಿಯಲ್ಲಿ ನೋಡಿದರೆ ಕಾಣುವುದು ಕೋಣೆಯಲ್ಲ, ಆಕಾಶ. ಹಿಂದಿನ ಮನೆ ಪೂರ್ತಿ ಕೆಳಗೆ ಹೋಗಿದೆ.

ಇದನ್ನು ಉಳಿಸಲು ಸುಮ್ಮನೆ ಕೂತಿಲ್ಲ. ಬಂಡೆಗೆ ಆಳವಾಗಿ ರಂಧ್ರ ಕೊರೆದು ಉಕ್ಕಿನ ಸಲಾಕೆ ಹಾಕಿ ಹೊಲಿದಿದ್ದಾರೆ. ಬಿರುಕು ಎಷ್ಟು ಅಗಲವಾಯಿತೆಂದು ಅಳೆಯುವ ಯಂತ್ರ ಇಟ್ಟಿದ್ದಾರೆ. ಚೌಕದ ಒಂದು ಹಳೇ ಮನೆಯಲ್ಲಿ 2012ರಲ್ಲಿ ಭೂಕುಸಿತದ ವಿಚಾರ ತಿಳಿಸುವುದಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಆದರೆ ಇದಕ್ಕೆಲ್ಲ ದುಡ್ಡು ಬೇಕು. ಅದಕ್ಕೆ ಬಾನ್ಯೊರೇಜೊದ ಪುರಸಭೆ 2013ರಲ್ಲಿ ಒಂದು ಕೆಲಸ ಮಾಡಿತು. ಸೇತುವೆಯ ಬಾಯಲ್ಲಿ ನಿಂತು ಟಿಕೆಟ್ ಹರಿಯಲು ಶುರು ಮಾಡಿತು. ಮೊದಲಿಗೆ ಒಬ್ಬರಿಗೆ ಒಂದೂವರೆ ಯೂರೋ, ಆಮೇಲೆ ಹೆಚ್ಚುತ್ತಾ ಐದು ಯೂರೋ ಆಯಿತು. ಊರು ನೋಡಲು ಟಿಕೆಟ್ಟೇ ಅಂತ ಬಹಳ ಮಂದಿ ಮೂಗು ಮುರಿದರು. ನಾವೂ ಮೊದಲು ಹಾಗೇ ಅಂದುಕೊಂಡೆವು.

ಆದರೆ ನಡೆದದ್ದು ಬೇರೆ. ದುಡ್ಡು ಕೊಟ್ಟು ನೋಡುವಂಥದ್ದು ಏನಿದೆಯಪ್ಪಾ ಅಂತಲೋ ಏನೋ, ಪತ್ರಿಕೆಗಳೆಲ್ಲ ಬರೆದವು, ಜನ ನುಗ್ಗಿದರು. ಮುಂಚೆ ವರ್ಷಕ್ಕೆ ನಲವತ್ತು ಸಾವಿರದಷ್ಟು ಬರುತ್ತಿದ್ದವರು, 2017ರ ಹೊತ್ತಿಗೆ ಎಂಟು ಲಕ್ಷ ದಾಟಿದರು. ಬಾನ್ಯೊರೇಜೊದ ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು, ಲೆಕ್ಕ ನೀವೇ ಹಾಕಿ. ಟಿಕೆಟ್ಟಿನ ವರಮಾನದಿಂದ ಊರವರಿಗೆ ಪುರಸಭೆಯ ಕಂದಾಯವನ್ನೇ ಮಾಫಿ ಮಾಡಿದರು. ಅಂಗಡಿ, ಊಟದ ಮನೆ, ತಂಗುವ ಕೋಣೆ ಆದವು. ಪಟ್ಟಣಕ್ಕೆ ಹೋಗಬೇಕಾಗಿದ್ದ ಹುಡುಗರಿಗೆ ಊರಲ್ಲೇ ಕೆಲಸ ಹುಟ್ಟಿತು. ಇದನ್ನು ನಾವು ಕಡೆಗಣಿಸಿ ಮಾತಾಡುವುದಿಲ್ಲ. ಮನೆ ಉಳಿಯಬೇಕಾದರೆ ಒಲೆ ಉರಿಯಬೇಕು.

ಹಾಗಿದ್ದರೂ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತದೆ. ಅಷ್ಟು ಲಕ್ಷ ಜನ ಬಂದು ಹೋಗುವ ಚಿವಿತಾದಲ್ಲಿ ವರ್ಷವಿಡೀ ವಾಸ ಮಾಡುವವರು ಹತ್ತು ಹನ್ನೆರಡು ಮಂದಿ. ಮನೆಗಳಿಗೆ ಒಡೆಯರಿದ್ದಾರೆ, ಬಾಗಿಲ ಮುಂದೆ ಹೂವಿನ ಕುಂಡ ಇವೆ, ಬೇಸಿಗೆಯಲ್ಲಿ ಬರುತ್ತಾರೆ, ಹೋಗುತ್ತಾರೆ. ಸಂಜೆಯಾದ ಮೇಲೆ ಬೆಕ್ಕುಗಳದ್ದೇ ರಾಜ್ಯವಂತೆ. 2020ರಲ್ಲಿ ಕೊರೋನಾ ಬಂದು ಇಟಲಿಯೆಲ್ಲ ಬಾಗಿಲು ಹಾಕಿದಾಗ ಸೇತುವೆಯ ಮೇಲೂ ಯಾರೂ ಇರಲಿಲ್ಲ. ನೋಡಲು ಬರುವವರು ಊರಿನವರಾಗುವುದಿಲ್ಲ. ಉಕ್ಕಿನ ಸಲಾಕೆ ಬಂಡೆಯನ್ನು ಹೊಲಿಯಬಹುದು, ಅಜ್ಜಿ ಮೊಮ್ಮಕ್ಕಳನ್ನು ಎಲ್ಲಿಂದ ತರುವುದು?

ಬಾನ್ಯೊರೇಜೊಗೆ ಹೋದವರೂ ಹಳೇ ಊರನ್ನು ಪೂರ್ತಿ ಬಿಟ್ಟವರಲ್ಲ. ಜೂನ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಚಿವಿತಾದ ಚೌಕದಲ್ಲಿ ಕತ್ತೆ ಓಟದ ಪಂದ್ಯ ನಡೆಸುತ್ತಾರೆ, ಓಣಿ ಓಣಿಯವರು ತಮ್ಮ ತಮ್ಮ ಕತ್ತೆ ಬಿಡುತ್ತಾರೆ. ಕತ್ತೆ ಓಡದೆ ನಿಂತುಬಿಟ್ಟರೆ ಸವಾರನ ಗತಿ ದೇವರೇ ಬಲ್ಲ. ಇದಕ್ಕಿಂತ ನಮಗೆ ಮನಸ್ಸಿಗೆ ನಾಟಿದ್ದು ಇನ್ನೊಂದು. ಸಂತ ದೊನಾತೊ ಇಗರ್ಜಿಯಲ್ಲಿ 15ನೇ ಶತಮಾನದ ಮರದ ಶಿಲುಬೆಯ ಮೂರ್ತಿ ಇದೆ. ಶುಭ ಶುಕ್ರವಾರದ ದಿನ, ನಮ್ಮ ಉತ್ಸವಮೂರ್ತಿಯನ್ನು ಹೊರಡಿಸುವ ಹಾಗೆ, ಅದನ್ನು ಹೊತ್ತು ಸೇತುವೆ ದಾಟಿ ಬಾನ್ಯೊರೇಜೊದ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ. ಅದಕ್ಕೆ ಒಂದು ಕಟ್ಟಳೆ ಇದೆ. ರಾತ್ರಿ ಹನ್ನೆರಡು ಹೊಡೆಯುವುದರೊಳಗೆ ಮೂರ್ತಿ ಚಿವಿತಾಕ್ಕೆ ವಾಪಸ್ಸು ಬರಲೇಬೇಕು. ತಪ್ಪಿದರೆ ಅದು ಶಾಶ್ವತವಾಗಿ ಬಾನ್ಯೊರೇಜೊದ ಸೊತ್ತು.

ಬಿಷಪ್ಪರು ಹೋದರು, ಕಚೇರಿ ಹೋಯಿತು, ಸಂತನ ಮನೆ ಹೋಯಿತು. ಮೂರ್ತಿ ಮಾತ್ರ ಇನ್ನೂ ಚಿವಿತಾದಲ್ಲೇ ಇದೆ. ಹೊರುವವರಲ್ಲಿ ಹೆಚ್ಚಿನವರ ಮನೆ ಈಗ ಆಚೆ ದಿಣ್ಣೆಯಲ್ಲಿ. ಆದರೂ ಹೊತ್ತು ಮೀರುವುದರೊಳಗೆ ಆ ಕಡಿದಾದ ಸೇತುವೆಯನ್ನು ಹತ್ತಿ, ಮೂರ್ತಿಯನ್ನು ಅದರ ಜಾಗದಲ್ಲಿ ಇಟ್ಟು, ಕತ್ತಲಲ್ಲಿ ತಮ್ಮ ಮನೆಗಳಿಗೆ ಇಳಿದುಬರುತ್ತಾರೆ.